ಹೊಸ ಫ್ರಕಾ ಹಚ್ಚಿಕೊಂಡು ಮಳೆಗಾಲದ ಬಸ್ ಹತ್ತಿದೆ: ಸುಗಂಧರಾಜದ ಸೆಂಟ್ ನಮ್ಮ ಕೊಡಗಿಗೆ ಆಗುತ್ತಾ?

ಮಳೆಮನೆ, ಸುಂಟಿಕೊಪ್ಪ

ಮೊದಲೇ ಹೇಳಿಬಿಡುತ್ತೇನೆ, ಉದ್ದ ಇದೆ.

ನಮ್ಮ ದೊಡ್ಡಮ್ಮನ ಹತ್ತಿರ ಒಂದು ಸೆಂಟಿನ ಬಾಟಲಿ ಇತ್ತು. ದೊಡ್ಡಪ್ಪ ಮಿಲಿಟರಿಯಲ್ಲಿದ್ದವರು. ಯಾವುದೋ ಕೋರ್ಸಿಗೆ ಹೊರದೇಶಕ್ಕೆ ಹೋದಾಗ ತಂದುಕೊಟ್ಟದ್ದು. ಹೆಸರು ಫ್ರಕಾ. ಬರೆಯುವಾಗ ಕೊನೆಗೆ ಒಂದು ಎಸ್ ಇದೆ, ಹೇಳುವಾಗ ಇಲ್ಲ. ನಾವು ಮಕ್ಕಳೆಲ್ಲ ಫ್ರಾಕಾಸ್ ಅಂತಲೇ ಹೇಳುತ್ತಿದ್ದೆವು. ದೊಡ್ಡಮ್ಮನೂ ಹಾಗೇ.

ಆ ಬಾಟಲಿ ಬೀರುವಿನ ಮೇಲಿನ ಅರೆಯಲ್ಲಿ, ರೇಷ್ಮೆ ಸೀರೆಗಳ ಹಿಂದೆ, ನುಸಿಗುಳಿಗೆಗಳ ಜೊತೆ ಇರುತ್ತಿತ್ತು. ಮದುವೆಗೆ ಹೊರಡುವ ದಿನ ಮಾತ್ರ ಕೆಳಗೆ ಇಳಿಯುತ್ತಿತ್ತು. ಗಾಜಿನ ಬಿರಡೆ ಬಿಗಿಯಾಗಿ ಕಚ್ಚಿಕೊಂಡಿರುತ್ತಿತ್ತು. ದೊಡ್ಡಮ್ಮ ಅದನ್ನು ಸೆರಗಿನಲ್ಲಿ ಹಿಡಿದು ತಿರುವುತ್ತಿದ್ದರು. ಬಿರಡೆಯ ತುದಿಯನ್ನು ಕಿವಿಯ ಹಿಂದೆ ಒಂದೊಂದು ಸಲ ಮುಟ್ಟಿಸಿಕೊಂಡರೆ ಆಯಿತು. ಜೀಪು ಗೇಟು ದಾಟಿ ಹೋದ ಮೇಲೂ ಅವರು ಇನ್ನೂ ಜಗಲಿಯಲ್ಲೇ ನಿಂತಿದ್ದಾರೇನೋ ಅನ್ನಿಸುತ್ತಿತ್ತು.

ಈ ವರ್ಷ ತಮ್ಮ ದುಬೈಯಿಂದ ಬರುವಾಗ ಅದೇ ಫ್ರಕಾ ತಂದ. ಈಗ ಅಂಗಡಿಯಲ್ಲಿ ಸಿಗುವ ಹೊಸದು, ಸ್ಪ್ರೇ ಬಾಟಲಿ. ಮಣಿಕಟ್ಟಿಗೆ ಹೊಡೆದು ಮೂಸಿದೆ. ಸುಗಂಧರಾಜ ಇದೆ, ಅನುಮಾನವೇ ಇಲ್ಲ. ಕಿತ್ತಳೆ ಹೂವಿನ ತರಹ ಏನೋ ಇದೆ. ಒಂದು ಗಂಟೆ ಬಿಟ್ಟು ಶ್ರೀಗಂಧದ ಬೆಣ್ಣೆ ಬೆಣ್ಣೆ ವಾಸನೆಯೂ ಬಂತು. ಆದರೂ ದೊಡ್ಡಮ್ಮ ಈಗಷ್ಟೇ ಸೋಪು ಹಾಕಿ ಸ್ನಾನ ಮಾಡಿ ಬಂದ ಹಾಗಿತ್ತು. ಎಲ್ಲಾ ಸರಿ ಇದೆ, ಏನೋ ಒಂದು ತೊಳೆದುಹೋಗಿದೆ.

ಸರಿ, ಹಚ್ಚಿಕೊಂಡೇ ನೋಡೋಣ ಅಂತ ಒಂದು ದಿನ ಕೆಲಸಕ್ಕೆ ಹಾಕಿಕೊಂಡು ಹೊರಟೆ. ಜುಲೈ ತಿಂಗಳು. ಮಳೆ ಅಡ್ಡಕ್ಕೆ ಹೊಡೆಯುತ್ತಿತ್ತು. ತಣ್ಣನೆಯ ರೂಮಿನಲ್ಲಿ ನಿಂತು ಎರಡು ಸ್ಪ್ರೇ ಹೊಡೆದೆ, ವಾಸನೆಯೇ ಬರಲಿಲ್ಲ. ಇನ್ನೆರಡು ಹೊಡೆದೆ. ಮೇಲೆ ಸ್ವೆಟರ್, ಅದರ ಮೇಲೆ ರೇನ್‌ಕೋಟು. ಮಡಿಕೇರಿ ಬಸ್ಸು ತುಂಬಿತ್ತು, ಶಟರ್ ಎಲ್ಲಾ ಕೆಳಗೆ. ರೇನ್‌ಕೋಟು ಬಿಚ್ಚಿ ಕೂತೆ.

ಪಕ್ಕದಲ್ಲಿ ಒಬ್ಬರು ಅಜ್ಜಿ. ಐದು ನಿಮಿಷ ಸುಮ್ಮನಿದ್ದರು. ಆಮೇಲೆ, "ಎಲ್ಲಿ ಮದುವೆ ಮಗಳೇ?" ಅಂದರು.

"ಮದುವೆ ಇಲ್ಲ ಅಜ್ಜಿ, ಕೆಲಸಕ್ಕೆ ಹೋಗ್ತಾ ಇದ್ದೀನಿ."

"ಮತ್ತೆ ಹಾರ ಯಾರಿಗೆ?" ಅಂತ ನನ್ನ ಬ್ಯಾಗಿನ ಕಡೆ ಬಗ್ಗಿ ನೋಡಿದರು.

ಹಾರ ಇಲ್ಲ, ಸೆಂಟು ಅಂದೆ. ಅಜ್ಜಿ ಏನೂ ಹೇಳಲಿಲ್ಲ. ಎದ್ದು ಶಟರ್ ಒಂದು ಗೇಣು ಮೇಲೆತ್ತಿದರು. ಮಳೆ ನೀರು ಸೀದಾ ನನ್ನ ಮಡಿಲಿಗೆ. ಹಿಂದಿನ ಸೀಟಿನವರೂ ಶಟರ್ ಎತ್ತಿದರು. ಬೋಯಿಕೇರಿ ದಾಟುವ ಹೊತ್ತಿಗೆ ಅರ್ಧ ಬಸ್ಸು ನೆನೆದಿತ್ತು.

ಈಗ ಕೇಳಬೇಕಾದದ್ದು ಇಷ್ಟು. ಹಳೇ ಬಾಟಲಿಗೂ ಹೊಸದಕ್ಕೂ ನಿಜವಾಗಿ ವ್ಯತ್ಯಾಸ ಇದೆಯಾ, ಇಲ್ಲಾ ನನ್ನ ನೆನಪು ಸುಳ್ಳು ಹೇಳ್ತಾ ಇದೆಯಾ? ಆಮೇಲೆ, ನಮ್ಮ ಮಳೆಗೆ ಇಂಥ ಸೆಂಟ್ ಹಚ್ಚುವವರು ಯಾರಾದರೂ ಇದ್ದೀರಾ? ಎಷ್ಟು ಹಚ್ಚುತ್ತೀರಿ?

ಗಾಳಿಬೀಡು_ಗಿರಿ

ಅಷ್ಟು ದುಡ್ಡು ಕೊಟ್ಟು ಬಸ್ಸಿನವರ ಹತ್ತಿರ ಬೈಸಿಕೊಳ್ಳೋದು ಯಾಕೆ? ಮಾರ್ಕೆಟ್ಟಿನಲ್ಲಿ ಒಂದು ಮೊಳ ಮಲ್ಲಿಗೆ ತಗೊಂಡು ಮುಡ್ಕೊಳ್ಳಿ. ಸಂಜೆಗೆ ಬಾಡುತ್ತೆ, ಎಸೆದರೆ ಆಯ್ತು.

ಬಾಟಲಿಪೆಟ್ಟಿಗೆ

ಗಿರಿ ಅಣ್ಣ, ಮಲ್ಲಿಗೆ ಮುಡಿದು ಬಂದರೂ ಶಟರ್ ಎತ್ತುವವರು ಎತ್ತುತ್ತಾರೆ. ಅದು ಬಿಡಿ.

ಮಳೆಮನೆ ಅವರೇ, ಫ್ರಕಾ ಅಂದರೆ ಫ್ರೆಂಚಿನಲ್ಲಿ ದಢಾರ್ ಅಂತ ಏನಾದರೂ ಬಿದ್ದು ಒಡೆದಾಗ ಆಗುವ ಸದ್ದು, ಗದ್ದಲ. ಹೆಸರಿಟ್ಟವರಿಗೆ ಗೊತ್ತಿತ್ತು. ನಿಮ್ಮ ಬಸ್ಸಿನಲ್ಲಿ ಆಗಿದ್ದೂ ಅದೇ ಅಲ್ವಾ?

1948ರ ಸೆಂಟ್ ಇದು. ಪ್ಯಾರಿಸಿನ ಬಟ್ಟೆ ವಿನ್ಯಾಸಕಾರ ರೋಬೇರ್ ಪಿಗೆ ಅವರ ಅಂಗಡಿಗೆ ಜೆರ್ಮೆನ್ ಸೆಲಿಯೇ ಮಾಡಿಕೊಟ್ಟದ್ದು. ಆಕೆ ಕೆಮಿಸ್ಟ್ರಿ ಓದಿದವರು. ಸೆಂಟ್ ಮಾಡುವವರಲ್ಲಿ ಬಹುಪಾಲು ಗಂಡಸರೇ ಇದ್ದ ಕಾಲ ಅದು. 1944ರಲ್ಲಿ ಅದೇ ಪಿಗೆಗೆ ಬಾಂಡಿ ಅಂತ ಚರ್ಮದ ವಾಸನೆಯ ಒಂದು ಸೆಂಟ್ ಮಾಡಿದರು. 1947ರಲ್ಲಿ ಬಾಲ್ಮೆ ಕಂಪನಿಗೆ ವಾಂ ವೇರ್, ಹಸಿ ಸೊಪ್ಪು ಕಿವುಚಿದ ಹಾಗಿರುವುದು. ಮೂರಕ್ಕೂ ಒಂದೇ ಗುಣ. ಮೆಲ್ಲಗೆ ಮಾತಾಡಲು ಬರುವುದಿಲ್ಲ.

ಪಿಗೆಯ ಬಟ್ಟೆ ಅಂಗಡಿ 1951ರಲ್ಲೇ ಮುಚ್ಚಿತು. ಸೆಂಟಿನ ಹೆಸರು ಕೈ ಬದಲಾಯಿಸುತ್ತಾ ಹೋಗಿ 90ರ ದಶಕದಲ್ಲಿ ಮತ್ತೆ ಸರಿಯಾಗಿ ಮಾರುಕಟ್ಟೆಗೆ ಬಂತು. ಹಾಗಾಗಿ 'ಹಳೇ ಫ್ರಕಾ' ಅನ್ನುವಾಗ ಯಾವ ಹಳೇದು ಅಂತ ಕೇಳಬೇಕಾಗುತ್ತದೆ. ದೊಡ್ಡಮ್ಮನದು ಯಾವ ಕಾಲದ್ದು? ಬಿರಡೆ ಇತ್ತು ಅಂದಿರಿ, ಹಾಗಾದರೆ ಅದು ಗಟ್ಟಿ ಸೆಂಟ್ ಇರಬೇಕು. ನಿಮ್ಮ ಕೈಯಲ್ಲಿರುವುದು ಅದಕ್ಕಿಂತ ತೆಳು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ಸ್ವಲ್ಪ ಅನ್ಯಾಯ.

ಒಂದು ಮಾತು. ನಿಮಗೆ ಸಿಕ್ಕಿರುವುದು ಹೆಸರು ಉಳಿಸಿಕೊಂಡು ವಾಸನೆಯನ್ನೂ ಸುಮಾರಾಗಿ ಉಳಿಸಿಕೊಂಡ ಸೆಂಟ್. ಎಲ್ಲರಿಗೂ ಆ ಭಾಗ್ಯ ಇಲ್ಲ. ಜಾನ್ ಪಾತು ಕಂಪನಿಯ ಜಾಯ್ ಗೊತ್ತಲ್ಲ, 1930ರದ್ದು. ಒಂದು ಔನ್ಸಿಗೆ 10,600 ಮಲ್ಲಿಗೆ ಹೂ, 28 ಡಜನ್ ಗುಲಾಬಿ ಅಂತ ಜಾಹೀರಾತು ಮಾಡುತ್ತಿದ್ದರು. 2018ರಲ್ಲಿ ಆ ಹೆಸರಿನಲ್ಲಿ ಡಿಯೋರ್ ಕಂಪನಿ ಬೇರೆಯೇ ಒಂದು ಸೆಂಟ್ ತಂದಿತು. ಹಳೇ ಜಾಯ್ ಹುಡುಕುವವರು ಅಂಗಡಿಯಲ್ಲಿ ಹೆಸರು ಹೇಳಿದರೆ ಇದು ಕೈಗೆ ಬರುತ್ತದೆ. ಅದಕ್ಕೆ ಹೋಲಿಸಿದರೆ ನಿಮ್ಮ ದೊಡ್ಡಮ್ಮ ಸ್ನಾನ ಮಾಡಿಕೊಂಡು ಬಂದಿದ್ದಾರೆ ಅಷ್ಟೇ, ಬೇರೆಯವರು ಬಂದು ಕೂತಿಲ್ಲ.

ಪಿಪೆಟ್

ಹುಟ್ಟೂರು ನಾಪೋಕ್ಲು, ಈಗ ಮೈಸೂರಿನಲ್ಲಿ ಲ್ಯಾಬ್ ಕೆಲಸ. ಈ ವಿಷಯ ಬಂದರೆ ಸುಮ್ನೆ ಇರೋಕೆ ಆಗಲ್ಲ.

ಮಳೆಮನೆ, ನೀವೇ ಉತ್ತರ ಬರೆದಿದ್ದೀರಿ, ನೋಡಿಕೊಂಡಿಲ್ಲ ಅಷ್ಟೇ. "ನುಸಿಗುಳಿಗೆಗಳ ಜೊತೆ ಇರುತ್ತಿತ್ತು."

ಬಿಳಿ ಹೂಗಳಲ್ಲಿ ಇಂಡೋಲ್ ಅಂತ ಒಂದು ವಸ್ತು ಇರುತ್ತದೆ. ಮಲ್ಲಿಗೆಯಲ್ಲಿ ಚೆನ್ನಾಗಿ ಇರುತ್ತದೆ, ಕಿತ್ತಳೆ ಹೂವಿನಲ್ಲೂ ಇದೆ. ಅದನ್ನೇ ಪ್ರತ್ಯೇಕವಾಗಿ ಬಾಟಲಿಯಲ್ಲಿ ಮೂಸಿದರೆ ನುಸಿಗುಳಿಗೆ ಮತ್ತು ಕೊಟ್ಟಿಗೆ ಎರಡೂ ನೆನಪಾಗುತ್ತವೆ. ಚೂರೇ ಚೂರು ಇದ್ದರೆ ಹೂವು ಜೀವಂತ ಅನ್ನಿಸುತ್ತದೆ. ಮುಡಿದ ಮಲ್ಲಿಗೆ ರಾತ್ರಿ ಹೊತ್ತಿಗೆ ಸ್ವಲ್ಪ ಮಾಗಿದ, ಕೊಳೆಯಲು ಹೊರಟ ಹಾಗಿನ ವಾಸನೆ ಕೊಡುತ್ತದಲ್ಲ, ಅದರಲ್ಲಿ ಇದರ ಪಾಲಿದೆ. ಹಳೇ ಕಾಲದ ನುಸಿಗುಳಿಗೆ ನ್ಯಾಫ್ತಲೀನ್. ಇಂಡೋಲ್‌ಗೂ ಅದಕ್ಕೂ ದೂರದ ನೆಂಟಸ್ತಿಕೆ. ಎರಡರಲ್ಲೂ ಪರಮಾಣುಗಳ ಎರಡೆರಡು ಉಂಗುರ ಅಂಟಿಕೊಂಡಿರುವ ರಚನೆ. ದೊಡ್ಡಮ್ಮನ ಸೀರೆಯಿಂದ ಬರುತ್ತಿದ್ದ ನುಸಿಗುಳಿಗೆಯನ್ನು ನಿಮ್ಮ ಮೂಗು ಸೆಂಟಿನ ಲೆಕ್ಕಕ್ಕೇ ಬರೆದುಕೊಂಡಿರಬೇಕು.

ಅಂದರೆ ನಿಮ್ಮ ನೆನಪು ಸುಳ್ಳಲ್ಲ, ಸ್ವಲ್ಪ ಬೆರಕೆ.

ಹೊಸದು ಚೊಕ್ಕ ಆಗಿರುವುದಕ್ಕೆ ಬೇರೆ ಕಾರಣಗಳೂ ಇವೆ. ಫ್ರಕಾದ ಪೂರ್ತಿ ಪಟ್ಟಿ ಕಂಪನಿ ಯಾರಿಗೂ ಕೊಡುವುದಿಲ್ಲ. ಆದರೆ ಆ ಕಾಲದ ಎಲ್ಲಾ ಸೆಂಟುಗಳೂ ದಾಟಿ ಬಂದ ದಾರಿ ಗೊತ್ತು. ಲ್ಯಾಬಿನಲ್ಲಿ ಮಾಡುತ್ತಿದ್ದ ಕಸ್ತೂರಿ ವಾಸನೆಯ ವಸ್ತುಗಳು, ಹಳೇ ನೈಟ್ರೋ ಕಸ್ತೂರಿಗಳು, ಅವುಗಳಲ್ಲಿ ಕೆಲವನ್ನು ನಿಷೇಧಿಸಿದರು. ಮರದ ಮೇಲೆ ಬೆಳೆಯುವ ಓಕ್‌ಮಾಸ್ ಕಲ್ಲುಹೂವಿನಲ್ಲಿ ಅಲರ್ಜಿ ತರುವ ಅಂಶಗಳಿವೆ. ಯುರೋಪಿನಲ್ಲಿ ಈಗ ಅವನ್ನು ತೆಗೆದೇ ಬಳಸಬೇಕು. ಲೈರಾಲ್ ಅನ್ನುವ ವಸ್ತು ಅಲ್ಲಿ 2021ರಲ್ಲಿ ನಿಷೇಧವಾಗಿ ಹೋಯಿತು, ಲಿಲಿಯಾಲ್ ಅನ್ನುವುದು 2022ರ ಮಾರ್ಚಿನಲ್ಲಿ. ಇವೆರಡೂ ಲಿಲ್ಲಿ ಆಫ್ ದ ವ್ಯಾಲಿ ಅನ್ನುವ ಬಿಳಿ ಹೂವಿನ ವಾಸನೆ ಕಟ್ಟಲು ಬೇಕಾದವು. ಮಲ್ಲಿಗೆಯ ಸಾರಕ್ಕೇ ಇಷ್ಟು ಮಿತಿ ಅಂತ ಇದೆ ಸ್ವಾಮಿ, ನಾವು ಮಾರುಗಟ್ಟಲೆ ತಲೆಗೆ ಮುಡಿಯುತ್ತೇವೆ.

ಮತ್ತೊಂದು ಕಡೆ ಹೊಸ ವಸ್ತುಗಳೂ ಬಂದವು. ಹೆಡಿಯೋನ್ ಅಂತ ಒಂದಿದೆ. 1966ರ ಓ ಸೊವಾಜ್ ಸೆಂಟಿನಲ್ಲಿ ಹೆಸರು ಮಾಡಿತು. ಮಲ್ಲಿಗೆಗೆ ಕಿಟಕಿ ತೆಗೆದ ಹಾಗೆ ಗಾಳಿ ಕೊಡುತ್ತದೆ. ಈಗಿನ ಬಿಳಿ ಹೂವಿನ ಸೆಂಟುಗಳಲ್ಲಿ ಧಾರಾಳವಾಗಿ ಇರುತ್ತದೆ.

ಬಸ್ಸಿನ ವಿಷಯ. ತಣ್ಣನೆಯ ಮೈಮೇಲಿಂದ ಸೆಂಟ್ ನಿಧಾನವಾಗಿ ಏಳುತ್ತದೆ. ರೂಮಿನಲ್ಲಿ ವಾಸನೆ ಬರಲಿಲ್ಲ ಅಂತ ನಾಲ್ಕು ಹೊಡೆದಿರಿ. ಸ್ವೆಟರ್ ಒಳಗೆ ಮೈ ಬೆಚ್ಚಗಾಯಿತು, ರೇನ್‌ಕೋಟು ಬಿಚ್ಚಿದಿರಿ, ನಾಲ್ಕೂ ಒಟ್ಟಿಗೆ ಎದ್ದವು. ಅಜ್ಜಿಯ ತಪ್ಪೇನಿಲ್ಲ.

ಮಳೆಮನೆ

ಪಿಪೆಟ್ ಅಕ್ಕ, ಓದಿ ಸೀದಾ ಬೀರು ತೆಗೆದು ಒಂದು ನುಸಿಗುಳಿಗೆ ಮೂಸಿ ಬಂದೆ. ಆಮೇಲೆ ಮಣಿಕಟ್ಟು ಮೂಸಿದೆ. ಮೈ ಜುಂ ಅಂತು. ಅರ್ಧ ದೊಡ್ಡಮ್ಮ ಬಂದರು!

ತೋಟದಕಡೆ

ನಮ್ಮ ಭಾವನವರು ಮೈಸೂರು ಕಡೆ ಸುಗಂಧರಾಜ ಬೆಳೆಯುತ್ತಾರೆ. ಹೂವಿನ ಬಗ್ಗೆ ಯಾರೂ ಮಾತಾಡಲಿಲ್ಲ ಅಂತ ಬರೆಯುತ್ತಿದ್ದೇನೆ.

ಇದು ನಮ್ಮ ಹೂವೇ ಅಲ್ಲ. ಮೆಕ್ಸಿಕೋದಿಂದ ಬಂದದ್ದು. ಈಗ ಛತ್ರದ ಬಾಗಿಲು ಅಂದರೆ ಸುಗಂಧರಾಜ, ಮದುಮಗನ ಕಾರು ಅಂದರೆ ಸುಗಂಧರಾಜ. ಸತ್ತವರ ಮೇಲೆ ಹಾಕುವ ಹಾರವೂ ಅದೇ. ನಿಮ್ಮ ಅಜ್ಜಿ ಮದುವೆ ಅಂದರು, ಪುಣ್ಯ.

ಒಂಟಿ ಎಸಳಿನ ಜಾತಿಗೇ ವಾಸನೆ ಜಾಸ್ತಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಬಿಟ್ಟ ಶೃಂಗಾರ, ಪ್ರಜ್ವಲ್ ಎರಡೂ ಒಂಟಿ ಎಸಳಿನವು. ಸುವಾಸಿನಿ, ವೈಭವ್ ಜೋಡಿ ಎಸಳಿನವು. ಅವು ನೋಡಲು ತುಂಬಿಕೊಂಡಿರುತ್ತವೆ, ಹೂದಾನಿಗೆ ಸರಿ. ಸಾರ ತೆಗೆಯುವವರಿಗೆ ಒಂಟಿಯೇ ಬೇಕು.

ಇನ್ನೊಂದು. ಈ ಹೂವು ಕೊಯ್ದ ಮೇಲೂ ವಾಸನೆ ಬಿಡುತ್ತಲೇ ಇರುತ್ತದೆ. ಫ್ರಾನ್ಸಿನ ಗ್ರಾಸ್ ಊರಿನಲ್ಲಿ ಹಿಂದೆ ಗಾಜಿನ ಮೇಲೆ ಕೊಬ್ಬು ಸವರಿ ಅದರ ಮೇಲೆ ಹೂವು ಹರಡುತ್ತಿದ್ದರಂತೆ. ಹಳೇ ಹೂ ತೆಗೆದು ಹೊಸ ಹೂ, ಮತ್ತೆ ತೆಗೆದು ಮತ್ತೆ ಹೊಸದು, ಕೊಬ್ಬು ವಾಸನೆ ಕುಡಿದು ಸಾಕು ಅನ್ನುವವರೆಗೆ. ಈಗ ಹೆಕ್ಸೇನ್ ಅನ್ನುವ ದ್ರಾವಕ ಹಾಕಿ ಮೇಣದಂಥ ಸಾರ ತೆಗೆಯುತ್ತಾರೆ. ಆ ಸಾರ ನಮ್ಮ ದಕ್ಷಿಣದಿಂದಲೇ ಹೊರದೇಶಕ್ಕೆ ಹೋಗುತ್ತದೆ. ಯಾವ ಬಾಟಲಿಗೆ ಹೋಗಿ ಸೇರುತ್ತದೋ ಭಾವನವರಿಗೆ ಗೊತ್ತಿಲ್ಲ. ಅವರಿಗೆ ಕೆ.ಜಿ. ರೇಟು ಮಾತ್ರ ಗೊತ್ತು.

ಗಾಳಿಬೀಡು_ಗಿರಿ

ಹಾಗಾದ್ರೆ ನಮ್ಮ ಹೂವು ಫ್ರಾನ್ಸಿಗೆ ಹೋಗಿ, ದುಬೈಗೆ ಬಂದು, ಸುಂಟಿಕೊಪ್ಪದ ಬಸ್ಸಲ್ಲಿ ಮಳೆ ನೆನೆಯಿತು ಅನ್ನಿ.

ಕಪ್ಪಿಂಗ್_ಕೋಣೆ

ಕಾಫಿ ರುಚಿ ನೋಡುವ ಕೆಲಸ ನನ್ನದು. ಸೆಂಟ್ ಪ್ರೀತಿ ಇರುವವನಿಗೆ ಇದಕ್ಕಿಂತ ಶಿಕ್ಷೆ ಬೇರೆ ಇಲ್ಲ. ಕಪ್ಪಿಂಗ್ ಇರುವ ದಿನ ಸೆಂಟ್ ಹಚ್ಚುವಂತಿಲ್ಲ. ಘಾಟಿನ ಸೋಪೂ ಬೇಡ. ಒಬ್ಬರು ಹಚ್ಚಿ ಬಂದರೆ ಇಡೀ ಮೇಜಿನವರಿಗೆ ಎಲ್ಲಾ ಕಪ್ಪಿನಲ್ಲೂ ಹೂವೇ ಕಾಣುತ್ತದೆ. ಒಂದು ಸಲ ನಾನೇ ಆ ಒಬ್ಬ. ಹಿಂದಿನ ದಿನದ ಜಾಕೆಟ್ ಹಾಕಿಕೊಂಡು ಹೋಗಿದ್ದೆ. ಉಣ್ಣೆಗೆ ಹತ್ತಿದ ಸುಗಂಧರಾಜ ಒಂದು ರಾತ್ರಿಗೆಲ್ಲ ಹೋಗುವುದಿಲ್ಲ. ಸಾಧಾರಣ ರೊಬಸ್ಟಾ ಕಾಫಿಗೆ "ಮಲ್ಲಿಗೆಯ ಛಾಯೆ" ಅಂತ ಇಬ್ಬರು ಬರೆದಿದ್ದರು. ನಾನು ಬಾಯಿ ಬಿಡಲಿಲ್ಲ. ಜಾಕೆಟ್ ಹೊರಗೆ ನೇತುಹಾಕಿ ಬಂದೆ.

ಇದು ಕೊಡಗಾದ್ದರಿಂದ ಇನ್ನೊಂದು ಹೇಳಲೇಬೇಕು. ದೊಡ್ಡ ಸೆಂಟ್ ಅಂಗಡಿಗಳಲ್ಲಿ ಬಟ್ಟಲಲ್ಲಿ ಕಾಫಿ ಬೀಜ ಇಟ್ಟಿರುತ್ತಾರೆ, ನಡುನಡುವೆ ಮೂಸಿ ಮೂಗು ತೊಳೆದುಕೊಳ್ಳಿ ಅಂತ. ಕಾಫಿ ಬೀಜ ಮೂಗು ತೊಳೆಯುವುದಿಲ್ಲ ಮಾರಾಯರೇ. ಅದೂ ಇನ್ನೊಂದು ವಾಸನೆ ಅಷ್ಟೇ. ಹಾಗೇನಾದರೂ ತೊಳೆಯುವ ಹಾಗಿದ್ದರೆ ನಮ್ಮ ಕ್ಯೂರಿಂಗ್ ಕೆಲಸದವರ ಮೂಗು ದೇಶಕ್ಕೇ ಚೊಕ್ಕ ಇರಬೇಕಿತ್ತು. ಹೊರಗೆ ಹೋಗಿ ಗಾಳಿ ತಗೊಳ್ಳಿ. ಇಲ್ಲ ಸೆಂಟ್ ತಾಗದ ನಿಮ್ಮದೇ ಮೊಣಕೈ ಒಳಭಾಗ ಮೂಸಿ, ಸಾಕು.

ಎಷ್ಟು ಹಚ್ಚಬೇಕು ಅಂದಿರಿ. ಮಳೆಗಾಲದಲ್ಲಿ ಒಂದೇ ಸ್ಪ್ರೇ. ಹೊರಡುವ ಅರ್ಧ ಗಂಟೆ ಮೊದಲು, ಬಟ್ಟೆಯ ಒಳಗೆ. ಹತ್ತು ನಿಮಿಷದಲ್ಲಿ ನಿಮಗೇ ವಾಸನೆ ಬರುವುದು ನಿಲ್ಲುತ್ತದೆ. ಮೂಗು ಒಗ್ಗಿಹೋಗಿರುತ್ತದೆ, ಸೆಂಟ್ ಎಲ್ಲೂ ಹೋಗಿರುವುದಿಲ್ಲ. ಆಗ ಎರಡನೇ ಸಲ ಹೊಡೆಯುವ ಕೈಯನ್ನು ಹಿಡಿದುಕೊಳ್ಳಿ.

ನೆರಿಗೆಹಿಂದೆ, ವಿರಾಜಪೇಟೆ

ನಾನು ಇಪ್ಪತ್ತು ವರ್ಷದಿಂದ ಬಿಳಿ ಹೂವಿನ ಸೆಂಟ್ ಬಿಟ್ಟು ಬೇರೆ ಹಚ್ಚಿಲ್ಲ. ಮೊದಲು ಡಿಯೋರ್‌ನ ಪಾಯ್ಸನ್. ಅದು 1985ರದ್ದು, ಅದರಲ್ಲೂ ಸುಗಂಧರಾಜವೇ. ಹೊಸದರಲ್ಲಿ ಅಮೆರಿಕದ ಕೆಲವು ಹೋಟೆಲುಗಳಲ್ಲಿ ಅದನ್ನು ಹಚ್ಚಿ ಬರಬೇಡಿ ಅಂತ ಬೋರ್ಡ್ ಹಾಕಿದ್ದರಂತೆ. ಈಗ ಗುಚ್ಚಿ ಬ್ಲೂಮ್, 2017ರದ್ದು. ಸುಗಂಧರಾಜ, ಮಲ್ಲಿಗೆ, ಜೊತೆಗೆ ರಂಗೂನ್ ಬಳ್ಳಿಯ ಹೂವು. ನಮ್ಮ ಗೇಟಿನ ಮೇಲೆ ಹಬ್ಬಿರುವ, ಸಂಜೆ ಬಿಳಿ ಇದ್ದು ಆಮೇಲೆ ಕೆಂಪಗಾಗುತ್ತದಲ್ಲ, ಅದೇ ಬಳ್ಳಿ. ಅದಕ್ಕೆ ಅಷ್ಟು ದೊಡ್ಡ ಹೆಸರಾಯಿತಾ ಅಂತ ನಗು ಬಂದಿತ್ತು.

ಕೊಡವ ಸೀರೆ ಉಡುವವರಿಗೆ ಒಂದು ಮಾತು. ರೇಷ್ಮೆಯ ಮೇಲೆ ಹೊಡೆಯಬೇಡಿ. ನೆರಿಗೆ ಹಿಂದೆ ಬರುವುದರಿಂದ ಕಲೆ ಆದರೆ ನಿಮಗೆ ಕಾಣುವುದಿಲ್ಲ, ಹಿಂದೆ ಕೂತವರಿಗೆಲ್ಲ ಕಾಣುತ್ತದೆ. ನನ್ನದು ಒಂದು ನೇರಳೆ ಸೀರೆ ಹಾಗೇ ಹೋಯಿತು. ಆಭರಣ ಹಾಕುವ ಮುಂಚೆಯೇ ಹಚ್ಚಿಕೊಳ್ಳಿ. ನಮ್ಮ ಮನೆಯ ಜೋಮಾಲೆಯ ಮಣಿಗಳ ಒಳಗೆ ಅರಗು ತುಂಬಿದೆ. ಸೆಂಟಿನ ಸ್ಪಿರಿಟ್‌ಗೆ ಅರಗು ಕರಗುತ್ತದೆ. ಕುತ್ತಿಗೆ ಬಿಟ್ಟು ಸೊಂಟದ ಹತ್ತಿರ ಹಚ್ಚುತ್ತೇನೆ. ಅಲ್ಲಿಂದ ಮೇಲೆ ಬರುವಷ್ಟರಲ್ಲಿ ಮೆತ್ತಗಾಗಿರುತ್ತದೆ.

ಮತ್ತೆ ಪಂದಿಕರಿ ಬಡಿಸುವ ಹೊತ್ತು. ಕಾಚಂಪುಳಿ ಹುಳಿಯ ಘಮ ಎದ್ದಾಗ ಹಳೇ ಪಾಯ್ಸನ್ ಅದರ ಜೊತೆ ಜಗಳಕ್ಕೆ ನಿಲ್ಲುತ್ತಿತ್ತು. ಹೊಸ ಸೆಂಟುಗಳು ದಾರಿ ಬಿಡುತ್ತವೆ. ಊಟದ ಹೊತ್ತಿಗೆ ನಾನು ಹೊಸದರ ಪಕ್ಷ.

ಬಾಟಲಿಪೆಟ್ಟಿಗೆ

ಅಕ್ಕ, ನಾನು ಒಪ್ಪುವುದಿಲ್ಲ. ದಾರಿ ಬಿಡುವ ಸುಗಂಧರಾಜ ಯಾಕೆ ಬೇಕು? ಎಲ್ಲರಿಗೂ ಹಿತವಾಗಲಿ ಅಂತ ನೀರು ಮಾಡುತ್ತಾ ಹೋದರೆ ಕೊನೆಗೆ ಶಾಂಪೂ ಉಳಿಯುತ್ತದೆ. ಹೊಸತನ ಬೇಕು ಅಂದರೆ ಫ್ರೆಡೆರಿಕ್ ಮಾಲ್ ಅವರ ಕಾರ್ನಲ್ ಫ್ಲವರ್ ನೋಡಿ. 2005ರಲ್ಲಿ ಡೊಮಿನಿಕ್ ರೋಪಿಯಾಂ ಮಾಡಿದ್ದು. ಹೊಸದೇ, ಆದರೆ ಹೂವಿನ ದಂಟು ಮುರಿದಾಗ ಬರುವ ಹಸಿ ವಾಸನೆ, ಕರ್ಪೂರದ ತಂಪು ಎಲ್ಲಾ ಇಟ್ಟಿದ್ದಾರೆ. ಸೆರ್ಜ್ ಲ್ಯುಟೆನ್ಸ್ ಅವರ 1999ರ ತ್ಯುಬೆರೋಜ್ ಕ್ರಿಮಿನೆಲ್ ಹಚ್ಚಿದರೆ ಮೊದಲ ಐದು ನಿಮಿಷ ಸೊಂಟನೋವಿನ ಮುಲಾಮು ಹಚ್ಚಿದ ಹಾಗಿರುತ್ತದೆ.

ಪಿಪೆಟ್

ಆ ಮುಲಾಮಿನ ವಾಸನೆ ಸುಳ್ಳಲ್ಲ. ಸುಗಂಧರಾಜದಲ್ಲೇ ಮೀಥೈಲ್ ಸ್ಯಾಲಿಸಿಲೇಟ್ ಇದೆ, ನೋವಿನ ಮುಲಾಮಿಗೆ ಹಾಕುವುದೂ ಅದನ್ನೇ. ಛತ್ರದ ಬಾಗಿಲಲ್ಲಿ ಹೂವಿನ ಗೊಂಚಲಿಗೆ ಮೂಗು ಇಟ್ಟು ನೋಡಿ, ಸಿಗುತ್ತದೆ.

ಜೇನುಪೆಟ್ಟಿಗೆ, ಭಾಗಮಂಡಲ

ಇಲ್ಲಿ ಸೆಂಟಿನ ಮಾತು ನಡೆದಿದೆ ಅಂತ ಮಗಳು ತೋರಿಸಿದಳು. ನನ್ನದೊಂದು ಮನವಿ. ಜೇನು ನೋಡಲು ಬರುವವರು ದಯವಿಟ್ಟು ಇದನ್ನು ಹಚ್ಚಿ ಬರಬೇಡಿ. ಜೇನುನೊಣ ಅಪಾಯ ಅಂತ ಕೂಗುವುದು ವಾಸನೆಯಲ್ಲಿ. ಆ ವಾಸನೆ ಬಾಳೆಹಣ್ಣಿನ ಹಾಗಿರುತ್ತದೆ. ನಿಮ್ಮ ಬಾಟಲಿಯಲ್ಲಿ ಏನೇನಿದೆಯೋ ಯಾರಿಗೆ ಗೊತ್ತು. ಹೋದ ವರ್ಷ ಬೆಂಗಳೂರಿನ ಒಂದು ಕುಟುಂಬ ಬಂದಿತ್ತು. ಆ ಹೆಣ್ಣುಮಗಳ ತಲೆ ಸುತ್ತ ಮೂರು ನೊಣ ಅಂಗಳ ದಾಟುವವರೆಗೂ ಬಿಡಲಿಲ್ಲ. ಕಚ್ಚಲಿಲ್ಲ, ಆದರೆ ಅವರು ಜೇನು ಕೊಳ್ಳದೆ ಹೋದರು.

ಮಳೆಮನೆ

ಎಲ್ಲರಿಗೂ ಥ್ಯಾಂಕ್ಸ್. ಎರಡು ತಿಂಗಳು ಬಿಡದೆ ಹಚ್ಚಿ ನೋಡಿದೆ, ಈಗ ವರದಿ ಒಪ್ಪಿಸುತ್ತೇನೆ.

ಕಪ್ಪಿಂಗ್ ಅಣ್ಣ ಹೇಳಿದ ಹಾಗೆ ಒಂದೇ ಸ್ಪ್ರೇ, ಹೊಟ್ಟೆಯ ಮೇಲೆ, ಅಂಗಿಯ ಒಳಗೆ. ಮೊದಲ ಹದಿನೈದು ನಿಮಿಷ ಏನೂ ಇಲ್ಲ. ಆಮೇಲೆ ಸ್ವೆಟರಿನ ಕುತ್ತಿಗೆಯಿಂದ ಮೆಲ್ಲಗೆ ಏಳುತ್ತದೆ. ನಮ್ಮ ಮಳೆಯಲ್ಲಿ ಗಾಳಿ ಒದ್ದೆ, ಎಲ್ಲಾ ವಾಸನೆಯೂ ನೆಲದ ಹತ್ತಿರವೇ ಸುಳಿಯುತ್ತಿರುತ್ತದೆ: ಒದ್ದೆ ಗೋಣಿ, ಸೌದೆ ಹೊಗೆ, ಬೂಷ್ಟು ಹಿಡಿದ ಚಪ್ಪಲಿ. ಅದರ ನಡುವೆ ಈ ತೊಳೆದ ಸುಗಂಧರಾಜ ಚೆನ್ನಾಗಿ ಕೂರುತ್ತದೆ. ಆಗಸ್ಟಿನಲ್ಲಿ ನಮ್ಮ ತೋಡಿನ ಪಕ್ಕ ಸುರುಳಿ ಸುಗಂಧಿ ಅರಳಿತು. ಬಿಳಿ ಚಿಟ್ಟೆ ಕೂತ ಹಾಗಿರುವ ಹೂವು. ಮಳೆ ನೀರು ತುಂಬಿಕೊಂಡೇ ಘಮ ಬಿಡುತ್ತದೆ. ಹೊಸ ಫ್ರಕಾ ಮೂರನೇ ಗಂಟೆಯಲ್ಲಿ ಅದಕ್ಕೆ ಹತ್ತಿರ ಬರುತ್ತದೆ. ದೊಡ್ಡಮ್ಮನ ಹಳೇದು ಯಾವತ್ತೂ ಹಾಗಿರಲಿಲ್ಲ.

ಅದಕ್ಕೇ ಈಗ ನನ್ನ ಅಭಿಪ್ರಾಯ ಬದಲಾಗಿದೆ. ದೊಡ್ಡಮ್ಮ ಅದನ್ನು ಹಚ್ಚುತ್ತಿದ್ದದ್ದು ಬೇಸಿಗೆಯ ಮದುವೆಗೆ, ಚಪ್ಪರದ ಕೆಳಗೆ, ಬಯಲಿನಲ್ಲಿ. ಅಲ್ಲಿಗೆ ಆ ಗದ್ದಲ ಸರಿ. ನಾನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇರುವುದು ಶಟರ್ ಎಳೆದ ಬಸ್ಸಿನಲ್ಲಿ, ಕಿಟಕಿ ಮುಚ್ಚಿದ ಆಫೀಸಿನಲ್ಲಿ. ಹೊಸದು ಅಂಥ ಕಡೆಗೇ ಮಾಡಿದ ಹಾಗಿದೆ. ಬಾಟಲಿಪೆಟ್ಟಿಗೆ ಅವರು ಕೋಪ ಮಾಡಿಕೊಳ್ಳಬಾರದು.

ಬಾಟಲಿಪೆಟ್ಟಿಗೆ

ಕೋಪ ಇಲ್ಲ. ಬೇಸಿಗೆ ಬರಲಿ, ಮತ್ತೆ ಮಾತಾಡೋಣ.

ಮಳೆಮನೆ

ಬೇಸಿಗೆ ಬಂತು, ಮಾತಾಡೋಣ. ಹಳೇ ಚರ್ಚೆ ಮೇಲೆತ್ತಿದ್ದಕ್ಕೆ ಕ್ಷಮಿಸಿ.

ಈ ಸಲ ಕಾಫಿ ಅರಳಿಸುವ ಹೂಮಳೆ ಚೆನ್ನಾಗಿ ಆಯಿತು. ಎಂಟು ದಿನ ಬಿಟ್ಟು ರೊಬಸ್ಟಾ ಒಟ್ಟಿಗೆ ಅರಳಿತು. ಬೆಳಿಗ್ಗೆ ಬಾಗಿಲು ತೆಗೆದರೆ ತೋಟದ ತುಂಬ ಬಿಳಿ, ರೆಂಬೆ ಕಾಣುವುದಿಲ್ಲ. ವಾಸನೆ ಒಳಮನೆಗೇ ಬಂದು ಕೂತಿದೆ. ಅವತ್ತು ಬೇಕೆಂದೇ ಎರಡು ಸ್ಪ್ರೇ ಹಚ್ಚಿ ತೋಟಕ್ಕೆ ಇಳಿದೆ. ಎಲ್ಲಿದೆ ಸೆಂಟು? ಕಾಫಿ ಹೂವಿನದೂ ಮಲ್ಲಿಗೆಯ ಗುಣವೇ. ಮಣಿಕಟ್ಟಿಗೆ ಮೂಗು ಒತ್ತಿದರೆ ಮಾತ್ರ ಫ್ರಕಾ, ಅದೂ ಬೆಣ್ಣೆಯ ಭಾಗ ಅಷ್ಟೇ. ಎರಡು ದಿನ ಹೀಗಿತ್ತು. ಮೂರನೇ ದಿನ ಹೂವು ಕಂದು ತಿರುಗಿತು, ನನ್ನ ಸೆಂಟು ನನಗೆ ವಾಪಸ್ ಸಿಕ್ಕಿತು. ಜೇನುಪೆಟ್ಟಿಗೆಯವರೇ, ನೊಣಗಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅವಕ್ಕೆ ಕೈತುಂಬ ಕೆಲಸ ಇತ್ತು.

ಆಮೇಲೆ ದೊಡ್ಡಮ್ಮನ ಮನೆಗೆ ಹೋದೆ, ಹೊಸ ಬಾಟಲಿ ತಗೊಂಡು. ಅವರಿಗೆ ಈಗ ಎಂಬತ್ತೆರಡು. ಹಳೇ ಬಾಟಲಿ ಇನ್ನೂ ಇದೆ, ತಳದಲ್ಲಿ ಚಹಾ ಬಣ್ಣದ ಒಂದು ಗೆರೆ ಉಳಿದಿದೆ. ಲೇಬಲ್ ಬೂಷ್ಟು ಹಿಡಿದು ಅರ್ಧ ಎದ್ದಿದೆ. ಬಿರಡೆ ತೆಗೆಯಲು ನನ್ನಿಂದಲೂ ಆಗಲಿಲ್ಲ. ಅವರೇ ಸೆರಗಿನಲ್ಲಿ ಹಿಡಿದು ತಿರುವಿದರು, ಟಕ್ ಅಂತ ಬಂತು. ಮೊದಲು ನೇಲ್‌ಪಾಲಿಶ್ ತರಹ ಒಂದು ಘಾಟು. ಅದು ಇಳಿದ ಮೇಲೆ ಕೆಳಗಿಂದ ಬಂತು ನೋಡಿ, ಅದೇ.

ನನ್ನ ಹೊಸದನ್ನು ಅವರ ಕೈಗೆ ಹಚ್ಚಿದೆ. ಕಣ್ಣು ಮುಚ್ಚಿ ತುಂಬಾ ಹೊತ್ತು ಮೂಸಿದರು.

"ಹೂವು ಎಲ್ಲಾ ಇದೆ," ಅಂದರು. "ಬೀರು ಇಲ್ಲ."

ಪಿಪೆಟ್ ಅಕ್ಕ ಬರೆದದ್ದನ್ನು ನಾನು ಅವರಿಗೆ ಹೇಳಿಯೇ ಇರಲಿಲ್ಲ.

ಪಿಪೆಟ್

ಇಪ್ಪತ್ತು ಸಾಲು ಬರೆದೆ ನಾನು. ಅವರು ಎರಡು ಮಾತಲ್ಲಿ ಮುಗಿಸಿದರು.

ನೆರಿಗೆಹಿಂದೆ, ವಿರಾಜಪೇಟೆ

ಮುಂದೇನಾಯಿತು? ಬಾಟಲಿ ಅವರಿಗೇ ಕೊಟ್ಟಿರಾ?

ಮಳೆಮನೆ

ಕೊಡು ಅನ್ನಲಿ ಅಂತ ಕಾದೆ, ಅನ್ನಲಿಲ್ಲ. ಬೀರು ತೆಗೆದು ಮೇಲಿನ ಅರೆ ತೋರಿಸಿದರು. "ಇಲ್ಲಿಟ್ಟು ಹೋಗು. ಒಂದು ಮಳೆಗಾಲ ಕಳೀಲಿ, ಬಂದು ತಗೊಂಡು ಹೋಗು" ಅಂದರು. ಸ್ಪ್ರೇ ಬಾಟಲಿಯ ಒಳಗೆ ನುಸಿಗುಳಿಗೆ ಇಳಿಯುವುದಿಲ್ಲ ದೊಡ್ಡಮ್ಮ ಅಂತ ಹೇಳಲು ಬಾಯಿ ಬರಲಿಲ್ಲ. ಸೀರೆಗಳ ಹಿಂದೆ ಇಟ್ಟು ಬಂದೆ. ಐದು ಮಿಲಿ ಒಂದು ಚಿಕ್ಕ ಶೀಶೆಗೆ ತುಂಬಿಕೊಂಡಿದ್ದೇನೆ, ಈ ಮಳೆಗಾಲದ ಬಸ್ಸಿಗೆ ಸಾಕು.